ಗೆಲ್ಲುವ ಯಂತ್ರ, ಸೋಲುವ ಯಂತ್ರ: ಕಂಪ್ಯೂಟರ್ ಚದುರಂಗವನ್ನು ಜನ ಮೆಚ್ಚಿದ್ದೇಕೆ?

(ರಬಕವಿಯಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



‘ವಿದ್ಯಾರ್ಥಿಗಳು ಮತ್ತು ಕಂಪ್ಯೂಟರ್’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘದ ಹಿರಿಯರು ನನಗೆ ಹೇಳಿದ್ದಾರೆ. ವಿಷಯ ಬಹಳ ದೊಡ್ಡದು. ಅದರಲ್ಲಿ ಒಂದೇ ಒಂದು ಎಳೆಯನ್ನು ಹಿಡಿದು ಮಾತನಾಡುತ್ತೇನೆ. ಪಾಲಕರ ಸಭೆಗಳಲ್ಲಿ ಇತ್ತೀಚೆಗೆ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು: “ಟೀಚರ್, ನಮ್ಮ ಹುಡುಗ ಮೊಬೈಲಿನ್ಯಾಗ ಚೆಸ್ ಆಡ್ಕೋತ ಕುಂಡ್ರತಾನ್ರಿ. ಬಿಡಬೇಕೋ, ಬ್ಯಾಡೋ?” ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಸುಲಭ. ಆದರೆ ಯಂತ್ರದೊಡನೆ ಆಡುವ ಈ ಚದುರಂಗವನ್ನು ಜಗತ್ತಿನಲ್ಲಿ ಕೋಟಿಗಟ್ಟಲೆ ಜನ ಯಾಕೆ ಮೆಚ್ಚಿದರು ಎಂದು ತಿಳಿದುಕೊಂಡು ಉತ್ತರ ಕೊಟ್ಟರೆ, ಅದರಿಂದ ಪಾಲಕರಿಗೂ ನಮ್ಮಂಥ ಶಿಕ್ಷಕರಿಗೂ ಕಲಿಯುವುದು ಬಹಳಷ್ಟಿದೆ.

ಚದುರಂಗ ನಮ್ಮದೇ ಆಟ

ಮೊದಲನೆಯದಾಗಿ, ಇದು ಹೊರಗಿನಿಂದ ಬಂದ ಆಟವಲ್ಲ. ಸಂಸ್ಕೃತದ ‘ಚತುರಂಗ’ ಎಂದರೆ ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯ. ಇಲ್ಲಿಂದ ಈ ಆಟ ಇರಾನಿಗೆ ಹೋಗಿ ‘ಚತ್ರಂಗ್’ ಆಯಿತು, ಅರಬರ ನಾಲಿಗೆಯಲ್ಲಿ ‘ಶತರಂಜ್’ ಆಯಿತು. 9 ಮತ್ತು 10ನೆಯ ಶತಮಾನಗಳಲ್ಲಿ ಬಗ್ದಾದಿನಲ್ಲಿ ಅಲ್-ಅದ್ಲಿ, ಅಸ್-ಸೂಲಿ ಎಂಬ ಮಹಾನ್ ಆಟಗಾರರಿದ್ದರು. ಆಟದ ಮೇಲೆ ಪುಸ್ತಕಗಳನ್ನೇ ಬರೆದರು. ಇಂಗ್ಲಿಷಿನವರು ಇಂದು ‘ಚೆಕ್‌ಮೇಟ್’ ಎನ್ನುವುದು ‘ಶಾಹ್ ಮಾತ್’ ಎಂಬ ಮಾತಿನ ಬದಲಾದ ರೂಪ. ಅವರ ‘ರೂಕ್’ ಎಂಬುದು ನಮ್ಮ ಉರ್ದುವಿನ ‘ರುಖ್’.

ನಮ್ಮ ಕನ್ನಡ ನಾಡಿನ ಪಾಲೂ ಇದರಲ್ಲಿ ಕಡಿಮೆ ಇಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗದ ವಿವರಣೆ ಇದೆ. 19ನೆಯ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನು ಬಹಳ ಆಸಕ್ತಿಯಿಂದ ಅಭ್ಯಾಸ ಮಾಡಿದರು. ಕುದುರೆಯೊಂದು ಹೋದ ಮನೆಗೆ ಮತ್ತೆ ಹೋಗದೆ ಎಲ್ಲಾ ಮನೆಗಳನ್ನೂ ಸುತ್ತಿಬರುವ ಒಗಟಿಗೆ ಅವರು ಅನೇಕ ಬಿಡಿಕೆಗಳನ್ನು ಕಂಡುಹಿಡಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂದು ಭಾಗ ಇಂಥ ಆಟಗಳಿಗೇ ಮೀಸಲು. ಇಷ್ಟಾದರೂ ಕರ್ನಾಟಕಕ್ಕೆ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರ ಮೂಲಕ. ಪಕ್ಕದ ತಮಿಳುನಾಡಿನ ವಿಶ್ವನಾಥನ್ ಆನಂದ್ 1988ರಲ್ಲಿಯೇ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿದ್ದರು.

ಮಗ್ಗದಿಂದ ಕಂಪ್ಯೂಟರಿಗೆ

ಎರಡನೆಯ ಮಾತು ರಬಕವಿ-ಬನಹಟ್ಟಿಯವರಿಗೆ ಹೆಮ್ಮೆ ತರುವಂಥದ್ದು. ನಮ್ಮದು ಮಗ್ಗದ ಸದ್ದಿನೊಂದಿಗೆ ಬೆಳಗಾಗುವ ಊರು. ಸೀರೆಯ ಅಂಚಿನಲ್ಲಿ, ಸೆರಗಿನಲ್ಲಿ ಹೂಬಳ್ಳಿ ಮೂಡಿಸುವ ಜಕಾರ್ಡ್ ಯಾವುದೆಂದು ಇಲ್ಲಿಯ ಮಕ್ಕಳಿಗೆ ನಾನು ಹೇಳಿಕೊಡಬೇಕಿಲ್ಲ. ತೂತು ಕೊರೆದ ರಟ್ಟಿನ ಪಟ್ಟಿಗಳು ಒಂದರ ಹಿಂದೊಂದು ಬರುತ್ತವೆ. ತೂತು ಇದ್ದಲ್ಲಿ ಒಂದು ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. 1804ರ ಸುಮಾರಿಗೆ ಫ್ರಾನ್ಸಿನ ಲಿಯಾನ್ ಪಟ್ಟಣದ ಜೋಸೆಫ್ ಮೇರಿ ಜಕಾರ್ಡ್ ರೂಪಿಸಿದ ಈ ಉಪಾಯವನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕ ಮಾಡುವ ಯಂತ್ರದ ಯೋಜನೆಗೆ ತೆಗೆದುಕೊಂಡ. ಇದೆ, ಇಲ್ಲ, ಒಂದು, ಸೊನ್ನೆ. ಇಂದಿನ ಕಂಪ್ಯೂಟರಿನ ಭಾಷೆಯೂ ಅಷ್ಟೇ.

ಇದೇ ಬ್ಯಾಬೇಜ್ ಒಮ್ಮೆ ಒಂದು ‘ಯಂತ್ರ’ದೊಡನೆ ಚದುರಂಗ ಆಡಿ ಸೋತಿದ್ದ. 1770ರಲ್ಲಿ ವಿಯೆನ್ನಾದಲ್ಲಿ ಕೆಂಪೆಲೆನ್ ಎಂಬಾತ ಒಂದು ಬೊಂಬೆ ಮಾಡಿಸಿ ರಾಣಿಯ ಆಸ್ಥಾನದಲ್ಲಿ ತೋರಿಸಿದ. ಬೊಂಬೆಗೆ ತುರ್ಕಿಯ ಉಡುಪು, ತಲೆಗೆ ರುಮಾಲು. ಅದು ತಾನಾಗಿಯೇ ಕೈ ಎತ್ತಿ ಕಾಯಿ ನಡೆಸುತ್ತಿತ್ತು. ನೆಪೋಲಿಯನ್ ಕೂಡ 1809ರಲ್ಲಿ ಅದರೊಡನೆ ಆಡಿದ. ಸುಮಾರು 80 ವರ್ಷಗಳ ಕಾಲ ಯುರೋಪ್, ಅಮೆರಿಕಗಳ ಜನ ದುಡ್ಡು ಕೊಟ್ಟು ನೋಡಲು ಮುಗಿಬಿದ್ದರು. ಕೊನೆಗೆ ತಿಳಿದದ್ದೇನೆಂದರೆ, ಪೆಟ್ಟಿಗೆಯೊಳಗೆ ಒಬ್ಬ ಚತುರ ಆಟಗಾರ ಮುದುಡಿಕೊಂಡು ಕುಳಿತಿರುತ್ತಿದ್ದ! ಮೋಸ ಮೋಸವೇ ಆದರೂ ಅದರಿಂದ ಒಂದು ಸತ್ಯ ಹೊರಬಿತ್ತು. ಯಂತ್ರದೊಡನೆ ಬುದ್ಧಿಯ ಆಟ ಆಡಬೇಕೆಂಬ ಆಸೆ ಜನರಲ್ಲಿ ಕಂಪ್ಯೂಟರ್ ಹುಟ್ಟುವುದಕ್ಕಿಂತ ಬಹಳ ಮೊದಲೇ ಇತ್ತು.

ಯಂತ್ರ ಹೇಗೆ ಆಡುತ್ತದೆ?

ವಿದ್ಯಾರ್ಥಿಗಳೆ, ಈಗ ಸ್ವಲ್ಪ ಲೆಕ್ಕ ಮಾಡೋಣ. ಆಟದ ಆರಂಭದಲ್ಲಿ ಬಿಳಿ ಕಾಯಿಯವನಿಗೆ 20 ನಡೆಗಳ ಅವಕಾಶವಿದೆ: ಎಂಟು ಕಾಲಾಳುಗಳಿಂದ 16, ಎರಡು ಕುದುರೆಗಳಿಂದ 4. ಎದುರಾಳಿಗೂ 20. ಎಂದರೆ ಇಬ್ಬರೂ ಒಂದೊಂದು ನಡೆ ಆಡುವಷ್ಟರಲ್ಲಿ 400 ಬಗೆಗಳಾದವು. ಎರಡೆರಡು ನಡೆ ಆಡಿದರೆ 1,97,281 ಬಗೆಗಳು! 1950ರಲ್ಲಿ ಪ್ರಕಟವಾದ ಪ್ರಸಿದ್ಧ ಲೇಖನದಲ್ಲಿ ಅಮೆರಿಕದ ಕ್ಲಾಡ್ ಶಾನನ್ ಎಂಬ ವಿಜ್ಞಾನಿ, ಆಡಬಹುದಾದ ಆಟಗಳ ಸಂಖ್ಯೆ 1ರ ಮುಂದೆ 120 ಸೊನ್ನೆ ಬರೆದಷ್ಟು ಎಂದು ಅಂದಾಜು ಮಾಡಿದ. ಇಷ್ಟನ್ನೂ ಕೊನೆಯವರೆಗೆ ನೋಡಿ ಮುಗಿಸುವ ಯಂತ್ರ ಇಂದಿಗೂ ಇಲ್ಲ.

ಹಾಗಾದರೆ ಯಂತ್ರ ಏನು ಮಾಡುತ್ತದೆ? ಕೆಲವು ನಡೆಗಳಷ್ಟು ಮುಂದೆ ನೋಡುತ್ತದೆ. ಅಲ್ಲಿ ನಿಂತು ಅಂಕ ಹಾಕುತ್ತದೆ. ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ 3, ಆನೆಗೆ 5, ಮಂತ್ರಿಗೆ 9. ರಾಜ ಎಷ್ಟು ಸುರಕ್ಷಿತ, ಕಾಯಿಗಳಿಗೆ ಓಡಾಡಲು ಜಾಗ ಎಷ್ಟು ಎಂಬುದಕ್ಕೂ ಅಂಕವಿದೆ. ‘ನಾನು ಹೀಗೆ ಆಡಿದರೆ ಎದುರಾಳಿ ನನಗೆ ಅತ್ಯಂತ ಕೆಟ್ಟದ್ದಾಗುವ ಉತ್ತರವನ್ನೇ ಕೊಡುತ್ತಾನೆ’ ಎಂದುಕೊಂಡು, ಆ ಕೆಟ್ಟದ್ದರಲ್ಲೂ ಒಳ್ಳೆಯದನ್ನು ಆರಿಸುತ್ತದೆ. ನಿಷ್ಪ್ರಯೋಜಕ ದಾರಿಗಳನ್ನು ನಡುವೆಯೇ ಕೈಬಿಡುತ್ತದೆ. ಮೂಲತತ್ತ್ವ ಇಷ್ಟೇ. ಈ ತತ್ತ್ವದ ಮೇಲೆ ನಡೆದ ಐ.ಬಿ.ಎಂ. ಸಂಸ್ಥೆಯ ‘ಡೀಪ್ ಬ್ಲೂ’ ಯಂತ್ರ 1996ರಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಎದುರು 4-2ರಿಂದ ಸೋತಿತು. ಮರುವರ್ಷ, 1997ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನಲ್ಲಿ ಮೂರೂವರೆ-ಎರಡೂವರೆ ಅಂಕಗಳಿಂದ ಗೆದ್ದಿತು. ಅದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡಬಲ್ಲದಾಗಿತ್ತು.

ಅಂಗಡಿಗೆ ಬಂದ ಚದುರಂಗ

ಡೀಪ್ ಬ್ಲೂ ಪತ್ರಿಕೆಗಳ ಮುಖಪುಟದಲ್ಲಿ ಬಂತು. ಆದರೆ ಜನರ ಮನೆಗೆ ಬಂದದ್ದು ಬೇರೆ. 1977ರಲ್ಲಿ ಅಮೆರಿಕದ ಫಿಡೆಲಿಟಿ ಎಂಬ ಕಂಪನಿ ‘ಚೆಸ್ ಚಾಲೆಂಜರ್’ ಎಂಬ ಮಣೆಯಾಕಾರದ ಯಂತ್ರವನ್ನು ಮಾರಾಟಕ್ಕೆ ತಂದಿತು. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಡೇವಿಡ್ ಹಾರ್ನ್ ಎಂಬಾತ ಕೇವಲ 672 ಬೈಟುಗಳಲ್ಲಿ ಒಂದು ಚದುರಂಗದ ತಂತ್ರಾಂಶ ಬರೆದ. ಇಂದು ಮೊಬೈಲಿನಲ್ಲಿ ನಾವು ಕನ್ನಡದಲ್ಲಿ ಕಳಿಸುವ ನಾಲ್ಕು ಸಾಲಿನ ಹಬ್ಬದ ಶುಭಾಶಯಕ್ಕೂ ಅದಕ್ಕಿಂತ ಹೆಚ್ಚು ಜಾಗ ಬೇಕಾಗಬಹುದು! ಆಟದ ಕೆಲವು ನಿಯಮಗಳು ಅದರಲ್ಲಿ ಇರಲಿಲ್ಲ ನಿಜ, ಆದರೆ ಅದು ಆಡುತ್ತಿತ್ತು.

1986ರಲ್ಲಿ ‘ಚೆಸ್‌ಮಾಸ್ಟರ್ 2000’ ಬಂತು. ಡಬ್ಬಿಯ ಮೇಲೆ ಬಿಳಿ ಗಡ್ಡದ ಮುದುಕನೊಬ್ಬನ ಚಿತ್ರ, ಹಳೆಯ ಕಥೆಯ ಮಾಂತ್ರಿಕನ ಹಾಗೆ. ಈ ಸರಣಿಯ ತಂತ್ರಾಂಶಗಳು 2002ರ ಹೊತ್ತಿಗೆ 50 ಲಕ್ಷ ಪ್ರತಿ ಮಾರಾಟವಾಗಿದ್ದವು. 2007ರವರೆಗೆ ಹೊಸ ಹೊಸ ಆವೃತ್ತಿಗಳು ಬಂದವು. ಜರ್ಮನಿಯ ಹ್ಯಾಂಬರ್ಗಿನಿಂದ 1991ರಲ್ಲಿ ‘ಫ್ರಿಟ್ಸ್’ ಬಂತು. ಮುಂದೆ ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7 ಕಂಪ್ಯೂಟರುಗಳ ಕೆಲವು ಆವೃತ್ತಿಗಳಲ್ಲಿ ‘ಚೆಸ್ ಟೈಟನ್ಸ್’ ಎಂಬ ಆಟ ಪುಕ್ಕಟೆಯಾಗಿಯೇ ಇರುತ್ತಿತ್ತು. ಅದರಲ್ಲಿ 10 ಹಂತಗಳು. ಇಲ್ಲಿ ಕುಳಿತಿರುವ ಯುವಕರಲ್ಲಿ ಕೆಲವರು ಸೈಬರ್ ಕೆಫೆಯಲ್ಲೋ ಶಾಲೆಯ ಕಂಪ್ಯೂಟರ್ ಕೋಣೆಯಲ್ಲೋ ಅದನ್ನು ಆಡಿಯೇ ಚದುರಂಗ ಕಲಿತಿರಬಹುದು.

2006ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಅವರನ್ನು ‘ಡೀಪ್ ಫ್ರಿಟ್ಸ್’ 4-2ರಿಂದ ಸೋಲಿಸಿತು. ಅದಕ್ಕೆ ಡೀಪ್ ಬ್ಲೂನಂತೆ ಕಪಾಟಿನಷ್ಟು ದೊಡ್ಡ ಯಂತ್ರ ಬೇಕಿರಲಿಲ್ಲ. ಅದು ಅಂಗಡಿಯಲ್ಲಿ ಕೊಳ್ಳಬಹುದಾದ ತಂತ್ರಾಂಶ. 2008ರಲ್ಲಿ ಆರಂಭವಾದ ‘ಸ್ಟಾಕ್‌ಫಿಶ್’ ಅಂತೂ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ. ಸಾಮಾನ್ಯ ಮೊಬೈಲಿನಲ್ಲಿ ನಡೆಯುವ ಇದು ಇಂದು ಜಗತ್ತಿನ ಯಾವ ಮನುಷ್ಯನನ್ನಾದರೂ ಸೋಲಿಸಬಲ್ಲದು.

ಜನ ಮೆಚ್ಚಿದ್ದೇಕೆ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಜನರು ಯಂತ್ರವನ್ನು ಕೊಂಡದ್ದು ಅದು ಬಲಶಾಲಿ ಎಂದೇ? ಹಾಗಿದ್ದರೆ ಎಲ್ಲರೂ ಮನೆಗೆ ತಂದು, ಹತ್ತು ಸಲ ಸೋತು, ಡಬ್ಬಿ ಮುಚ್ಚಿ ಅಟ್ಟಕ್ಕೆ ಎಸೆಯಬೇಕಿತ್ತು. ಸದಾ ಸೋಲುವ ಆಟವನ್ನು ದುಡ್ಡು ಕೊಟ್ಟು ಯಾರು ಆಡುತ್ತಾರೆ? ನನಗೆ ತೋಚುವ ಕಾರಣಗಳು ಇವು.

ಒಂದು, ಯಂತ್ರ ನಮ್ಮ ಮಟ್ಟಕ್ಕೆ ಇಳಿದು ಬರುತ್ತದೆ. ಚೆಸ್‌ಮಾಸ್ಟರಿನ ನಂತರದ ಆವೃತ್ತಿಗಳಲ್ಲಿ ಹೆಸರು, ಮುಖ, ಸ್ವಭಾವ ಇರುವ ಅನೇಕ ಎದುರಾಳಿಗಳಿದ್ದರು. ಒಬ್ಬ ಆಗತಾನೇ ಕಲಿತ ಹುಡುಗ, ಒಬ್ಬ ಬರೀ ಕುದುರೆ ಪ್ರೇಮಿ, ಒಬ್ಬ ಹೆದರುಪುಕ್ಕಲ. ಆಡುವವನು ತನಗೆ ಸರಿಸಾಟಿಯಾದವನನ್ನು ಆರಿಸಿಕೊಳ್ಳಬಹುದಿತ್ತು.

ಎರಡು, ಯಂತ್ರಕ್ಕೆ ಬೇಸರವಿಲ್ಲ. ಒಂದೇ ತಪ್ಪನ್ನು ನೂರು ಸಲ ಮಾಡಿದರೂ ಗದರುವುದಿಲ್ಲ, ನಗುವುದಿಲ್ಲ, ನಾಲ್ಕು ಜನರ ಮುಂದೆ ಹೇಳಿ ಅವಮಾನ ಮಾಡುವುದಿಲ್ಲ. ನಡೆಯನ್ನು ಹಿಂದೆ ತೆಗೆದುಕೊಂಡರೆ ಜಗಳಕ್ಕೆ ಬರುವುದಿಲ್ಲ. ನನ್ನ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಕಂಪ್ಯೂಟರ್ ಸೋತ್ರ ಅದಕ್ಕ ಸಿಟ್ಟು ಬರೂದಿಲ್ಲೇನ್ರಿ?” ಬರುವುದಿಲ್ಲವಮ್ಮ ಎಂದೆ. “ಹಂಗಾದ್ರ ಅದರ ಜೋಡಿ ಆಡೂದು ಚಲೋ ಬಿಡ್ರಿ” ಎಂದಳು. ಆ ಮಾತಿನಲ್ಲಿ ನಮ್ಮಂಥ ಶಿಕ್ಷಕರಿಗೆ ಒಂದು ಪಾಠವಿದೆ.

ಮೂರು, ಅದು ಹೊತ್ತು ನೋಡುವುದಿಲ್ಲ. ಅಪ್ಪ ಮಗ್ಗದ ಮೇಲೆ, ಅವ್ವ ಕಂಡಿಕೆ ಸುತ್ತುವ ಕೆಲಸದಲ್ಲಿ, ಅಣ್ಣ ಅಂಗಡಿಯಲ್ಲಿ. ಮನೆಯಲ್ಲಿ ಕೂಸಿನೊಡನೆ ಕುಳಿತು ಆಡಲು ಯಾರಿಗೆ ಬಿಡುವಿದೆ? ಯಂತ್ರ ಕರೆದಾಗ ಬರುತ್ತದೆ, ಸಾಕು ಎಂದಾಗ ಏಳುತ್ತದೆ.

ನಾಲ್ಕು, ಅದಕ್ಕೆ ಭಾಷೆಯ ಅಡ್ಡಿ ಕಡಿಮೆ. ಉರ್ದು ಶಾಲೆಯ ಮಕ್ಕಳಿಗೂ ಕನ್ನಡ ಶಾಲೆಯ ಮಕ್ಕಳಿಗೂ ಚದುರಂಗ ಹೇಳಿಕೊಡುವಾಗ ಒಂದು ತಮಾಷೆ ನಡೆಯುತ್ತದೆ. ಕನ್ನಡದಲ್ಲಿ ಮೂಲೆಯ ಕಾಯಿ ಆನೆ, ಓರೆಯಾಗಿ ಹೋಗುವುದು ಒಂಟೆ. ಉರ್ದುವಿನಲ್ಲಿ ಮೂಲೆಯದು ರುಖ್, ಓರೆಯಾಗಿ ಹೋಗುವುದು ಫೀಲ್. ಫೀಲ್ ಎಂದರೂ ಆನೆಯೇ! ಇಬ್ಬರೂ ‘ಆನೆ ನಡೆಸು’ ಎಂದರೆ ಎರಡು ಬೇರೆ ಕಾಯಿಗಳು ಏಳುತ್ತವೆ. ಇಂಗ್ಲಿಷಿನವರು ಅದೇ ಕಾಯಿಯನ್ನು ಬಿಷಪ್, ಎಂದರೆ ಪಾದ್ರಿ, ಎನ್ನುತ್ತಾರೆ. ಪರದೆಯ ಮೇಲಾದರೋ ಚಿತ್ರವಿದೆ. ಬೆರಳಿಟ್ಟರೆ ಅದು ಎಲ್ಲಿಗೆ ಹೋಗಬಹುದೆಂದು ಚುಕ್ಕೆಗಳು ತೋರಿಸುತ್ತವೆ. ಓದು ಬಾರದವನೂ ಕಲಿಯಬಹುದು.

ಐದು, ಅದು ಅಗ್ಗ. ಒಂದು ಕಾಲದಲ್ಲಿ ಒಳ್ಳೆಯ ಗುರು ಬೇಕೆಂದರೆ ಚೆನ್ನೈಗೋ ಬೆಂಗಳೂರಿಗೋ ಹೋಗಬೇಕಿತ್ತು. ಈಗ ಬಡವನ ಮಗನಿಗೂ ಚಾಂಪಿಯನ್ನನ ಮಗನಿಗೂ ಸಿಗುವ ಸ್ಟಾಕ್‌ಫಿಶ್ ಒಂದೇ. 2010ರಲ್ಲಿ ಆರಂಭವಾದ ‘ಲಿಚೆಸ್’ ಎಂಬ ತಾಣ ಇಂದಿಗೂ ಪೂರ್ಣ ಉಚಿತ, ಜಾಹೀರಾತೂ ಇಲ್ಲ.

ಸೋಲುವುದೇ ಕಷ್ಟದ ವಿದ್ಯೆ

ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಹೇಳಬೇಕು. ಗೆಲ್ಲುವ ಯಂತ್ರ ಮಾಡುವುದಕ್ಕಿಂತ ಚೆನ್ನಾಗಿ ಸೋಲುವ ಯಂತ್ರ ಮಾಡುವುದು ಬೇರೆಯೇ ಬಗೆಯ ಕಷ್ಟ ಎಂದು ತಂತ್ರಾಂಶ ಬರೆಯುವವರು ಕಂಡುಕೊಂಡರು. ಬಲವನ್ನು ತಗ್ಗಿಸಲು ಅವರು ಮಾಡಿದ್ದೇನು? ಯಂತ್ರ ಮುಂದೆ ನೋಡುವ ದೂರವನ್ನು ಕಡಿಮೆ ಮಾಡಿದರು. ನಡುನಡುವೆ ಬೇಕೆಂದೇ ತಪ್ಪು ನಡೆ ಆಡುವಂತೆ ಮಾಡಿದರು. ಪರಿಣಾಮ ವಿಚಿತ್ರವಾಯಿತು. ಒಂಬತ್ತು ನಡೆ ಮಹಾಪಂಡಿತನಂತೆ ಆಡಿ, ಹತ್ತನೆಯದರಲ್ಲಿ ಮಂತ್ರಿಯನ್ನೇ ಸುಮ್ಮನೆ ಕೊಟ್ಟುಬಿಡುವ ಎದುರಾಳಿ! ಮನುಷ್ಯ ಹೀಗೆ ತಪ್ಪು ಮಾಡುವುದಿಲ್ಲ. ಮಗು ತಪ್ಪು ಮಾಡುವುದಕ್ಕೆ ಕಾರಣವಿರುತ್ತದೆ: ಕುದುರೆಯ ನಡೆ ಕಣ್ಣಿಗೆ ಬೀಳಲಿಲ್ಲ, ಗೆಲ್ಲುವ ಆತುರದಲ್ಲಿ ತನ್ನ ರಾಜನನ್ನು ಮರೆತಿತು.

ಆದ್ದರಿಂದ 2020ರಲ್ಲಿ ಟೊರೊಂಟೊ, ಕಾರ್ನೆಲ್ ವಿಶ್ವವಿದ್ಯಾಲಯಗಳ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು ‘ಮಾಯಾ’ ಎಂಬ ತಂತ್ರಾಂಶ ತಯಾರಿಸಿದರು. ಸಾಮಾನ್ಯ ಜನರು ಆಡಿದ ಲಕ್ಷಾಂತರ ಆಟಗಳನ್ನು ನೋಡಿ, ಈ ಮಟ್ಟದ ಮನುಷ್ಯ ಇಲ್ಲಿ ಯಾವ ನಡೆ ಆಡಬಹುದು ಎಂದು ಊಹಿಸುವುದು ಅದರ ಕೆಲಸ. ಎಂದರೆ ತಪ್ಪನ್ನೂ ಮನುಷ್ಯನಂತೆ ಮಾಡುವ ಯಂತ್ರ. ಶಿಕ್ಷಕ ಬಂಧುಗಳೆ, ಇದು ನಮ್ಮ ವೃತ್ತಿಯ ಹಳೆಯ ಗುಟ್ಟಲ್ಲವೆ? ವಿಷಯ ಗೊತ್ತಿರುವವರೆಲ್ಲ ಶಿಕ್ಷಕರಾಗುವುದಿಲ್ಲ. ಮಗು ಎಲ್ಲಿ, ಯಾಕೆ ಎಡವುತ್ತದೆ ಎಂದು ತಿಳಿದವನೇ ಶಿಕ್ಷಕ. ಕೋಟಿಗಟ್ಟಲೆ ಸ್ಥಿತಿಗಳನ್ನು ನೋಡಬಲ್ಲ ಯಂತ್ರವೂ ಕೊನೆಗೆ ಈ ಪಾಠವನ್ನು ಸಾಮಾನ್ಯ ಜನರಿಂದಲೇ ಕಲಿಯಬೇಕಾಯಿತು.

ಉತ್ತರ ತೋರಿಸುವ ಬಾಣ

ಇಷ್ಟು ಹೊಗಳಿದ ಮೇಲೆ ಅಪಾಯವನ್ನೂ ಹೇಳಲೇಬೇಕು. ಇಂದಿನ ಚದುರಂಗದ ತಂತ್ರಾಂಶಗಳಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಸರಿಯಾದ ನಡೆಯನ್ನು ಬಾಣದ ಗುರುತಿನಿಂದ ತೋರಿಸುತ್ತದೆ. ಆಟ ಮುಗಿದ ಮೇಲೆ, ನಾನು ಯೋಚಿಸಿ ಆಡಿದ್ದು ಎಲ್ಲಿ ತಪ್ಪಿತು ಎಂದು ನೋಡಿಕೊಳ್ಳಲು ಇದು ಅಮೂಲ್ಯ. ಯೋಚಿಸುವುದಕ್ಕೆ ಮೊದಲೇ ಒತ್ತಿದರೆ ಇದು ವಿಷ. ಬಾಣ ‘ಏನು’ ಎಂದು ಹೇಳುತ್ತದೆ, ‘ಯಾಕೆ’ ಎಂದು ಹೇಳುವುದಿಲ್ಲ. ಗೈಡು ನೋಡಿ ಉತ್ತರ ಬರೆದ ಹುಡುಗನಿಗೆ ಪ್ರಶ್ನೆ ಸ್ವಲ್ಪ ತಿರುಚಿ ಕೇಳಿದರೆ ಬಾಯಿ ಕಟ್ಟುವ ಹಾಗೆ, ಬಾಣ ನೋಡಿ ಕಲಿತವನಿಗೆ ಎದುರಾಳಿ ಹೊಸ ನಡೆ ಆಡಿದ ಕೂಡಲೇ ದಾರಿ ತಪ್ಪುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2024ರ ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ 18ನೆಯ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಚೆನ್ನೈನ ಡಿ. ಗುಕೇಶ್ ಅವರನ್ನು ಅವರ ಗುರು ವಿಷ್ಣು ಪ್ರಸನ್ನ ಅವರು 2500 ರೇಟಿಂಗ್ ದಾಟುವವರೆಗೆ ಕಂಪ್ಯೂಟರ್ ಎಂಜಿನ್‌ಗಳಿಂದ ದೂರವೇ ಇಟ್ಟಿದ್ದರು. ಎಲ್ಲರೂ ಯಂತ್ರದ ಹಿಂದೆ ಓಡುತ್ತಿದ್ದ ಕಾಲದಲ್ಲಿ ಒಬ್ಬ ಗುರು ‘ಮೊದಲು ನಿನ್ನ ತಲೆಯಿಂದ ಲೆಕ್ಕ ಹಾಕು’ ಎನ್ನುವ ದಾರಿ ಹಿಡಿದರು. ಹಾಗೆಂದು ಅವರು ಯಂತ್ರವನ್ನು ತಿರಸ್ಕರಿಸಲಿಲ್ಲ. ಮುಂದೆ ಗುಕೇಶ್ ಕೂಡ ಎಲ್ಲರಂತೆ ಅದನ್ನು ಬಳಸಿದರು. ಯಾವುದು ಮೊದಲು, ಯಾವುದು ನಂತರ ಎಂಬುದೇ ಮುಖ್ಯವಾಯಿತು.

ಎರಡನೆಯ ಅಪಾಯ ಮೋಸ. 2006ರಲ್ಲಿ ದೆಹಲಿಯ ಪಂದ್ಯಾವಳಿಯೊಂದರಲ್ಲಿ ಆಟಗಾರನೊಬ್ಬ ಟೊಪ್ಪಿಗೆಯೊಳಗೆ ಬ್ಲೂಟೂತ್ ಸಾಧನ ಅಡಗಿಸಿಕೊಂಡು ಹೊರಗಿನಿಂದ ಕಂಪ್ಯೂಟರಿನ ನಡೆಗಳನ್ನು ಪಡೆಯುತ್ತಿದ್ದುದು ಸಿಕ್ಕಿಬಿತ್ತು. ಅವನಿಗೆ 10 ವರ್ಷಗಳ ನಿಷೇಧವಾಯಿತು. ಹಿಂದೆ ಪೆಟ್ಟಿಗೆಯೊಳಗೆ ಮನುಷ್ಯ ಅಡಗಿದ್ದ. ಈಗ ಮನುಷ್ಯನ ಟೊಪ್ಪಿಗೆಯೊಳಗೆ ಯಂತ್ರ ಅಡಗಿತು.

ಇಂದು ಪ್ರಬಂಧ ಬರೆದುಕೊಡುವ, ಲೆಕ್ಕ ಬಿಡಿಸಿಕೊಡುವ ಕೃತಕ ಬುದ್ಧಿಮತ್ತೆ ಎಲ್ಲರ ಕೈಗೆ ಬಂದಿದೆ. ನಮ್ಮ ಮಕ್ಕಳ ಮನೆಗೆಲಸದ ವಹಿಯಲ್ಲಿ ಅದರ ಗುರುತುಗಳನ್ನು ನಾವು ಈಗಾಗಲೇ ಕಾಣುತ್ತಿದ್ದೇವೆ. ಚದುರಂಗದವರು ಈ ಕಷ್ಟವನ್ನು ನಮಗಿಂತ ಬಹಳ ವರ್ಷ ಮೊದಲೇ ಎದುರಿಸಿದರು. 1997ರಲ್ಲಿ ‘ಇನ್ನು ಚದುರಂಗ ಸತ್ತಂತೆ’ ಎಂದವರಿದ್ದರು. ಸಾಯಲಿಲ್ಲ, ಬೆಳೆಯಿತು. ಬೈಕು ಬಂದ ಮೇಲೆ ಓಟದ ಪಂದ್ಯ ನಿಂತಿತೆ? ಹಾಗೆಯೇ ಮನುಷ್ಯ ಮನುಷ್ಯನೊಡನೆ ಆಡುವ ಆಟವನ್ನು ಜನ ಇಂದಿಗೂ ನೋಡುತ್ತಾರೆ. ಯಂತ್ರ ನಮಗಿಂತ ಚೆನ್ನಾಗಿ ಮಾಡುತ್ತದೆ ಎಂಬ ಕಾರಣಕ್ಕೆ ನಾವು ಕಲಿಯುವುದನ್ನು ಬಿಡಬೇಕಾಗಿಲ್ಲ. ಈ ಧೈರ್ಯವನ್ನು ನಮ್ಮ ವಿದ್ಯಾರ್ಥಿಗಳಿಗೆ ಕೊಡುವುದು ಇಂದು ಬಹಳ ಅಗತ್ಯವಾಗಿದೆ.

ನಮ್ಮ ಹೆಣ್ಣುಮಕ್ಕಳ ವಿಷಯ

ತಾಯಂದಿರೆ, ಈ ಮಾತು ವಿಶೇಷವಾಗಿ ತಮಗೆ. ಊರ ಕಟ್ಟೆಯ ಮೇಲೆ, ಚಹಾದ ಅಂಗಡಿಯ ಮುಂದೆ ಚದುರಂಗ ಆಡುವವರು ಗಂಡಸರು. ನಮ್ಮ ಹೆಣ್ಣುಮಕ್ಕಳು ಅಲ್ಲಿ ಹೋಗಿ ಕೂಡ್ರಲಾರರು. ಬಹಳ ಕಾಲ ಈ ಆಟ ಅವರಿಗೆ ಸಿಗದಿದ್ದುದು ಬುದ್ಧಿಯ ಕೊರತೆಯಿಂದ ಅಲ್ಲ, ಎದುರಿಗೆ ಕೂಡ್ರುವವರ ಕೊರತೆಯಿಂದ. ಯಂತ್ರ ಈ ಕೊರತೆಯನ್ನು ತುಂಬಿತು. ಅದಕ್ಕೆ ಎದುರಿಗಿರುವುದು ಹುಡುಗನೋ ಹುಡುಗಿಯೋ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡಿನಲ್ಲಿ ಭಾರತದ ಪುರುಷರ ತಂಡದ ಜೊತೆಗೆ ಮಹಿಳೆಯರ ತಂಡವೂ ಚಿನ್ನ ಗೆದ್ದಿತು. 2025ರ ಜುಲೈಯಲ್ಲಿ ನಾಗಪುರದ ದಿವ್ಯಾ ದೇಶಮುಖ್ 19ನೆಯ ವಯಸ್ಸಿನಲ್ಲಿ ಮಹಿಳಾ ವಿಶ್ವಕಪ್ ಗೆದ್ದರು. ಮನೆಯಲ್ಲಿರುವ ಒಂದೇ ಮೊಬೈಲು ಸಂಜೆ ಯಾವಾಗಲೂ ಮಗನ ಕೈಗೇ ಹೋಗುತ್ತಿದ್ದರೆ, ಅರ್ಧ ಗಂಟೆ ಮಗಳಿಗೂ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಹಿರಿಯರ ಸಂಶಯ

ಹಿರಿಯರು ಕೆಲವರು ‘ಶತರಂಜ್ ಆಡುವುದು ಸರಿಯೇ?’ ಎಂದು ಕೇಳುತ್ತಾರೆ. ಈ ವಿಷಯದಲ್ಲಿ ಉಲಮಾಗಳಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯಗಳಿವೆ. ತೀರ್ಪು ಹೇಳುವ ಅಧಿಕಾರ ನನ್ನಂಥ ಶಾಲಾ ಶಿಕ್ಷಕಿಗೆ ಇಲ್ಲ. ಆದರೆ ಬಾಜಿ ಕಟ್ಟಬಾರದು, ನಮಾಜು ಮತ್ತು ಕರ್ತವ್ಯಗಳನ್ನು ಮರೆಯುವಷ್ಟು ಮುಳುಗಬಾರದು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಮುನ್ಶಿ ಪ್ರೇಮಚಂದರು ಶತರಂಜಿನ ಮೇಲೆ ಬರೆದ ಪ್ರಸಿದ್ಧ ಕಥೆಯಲ್ಲಿ ಲಖನೌದ ಇಬ್ಬರು ಜಾಗೀರದಾರರು ರಾಜ್ಯವೇ ಕೈಬಿಟ್ಟು ಹೋಗುತ್ತಿರುವಾಗ ಆಟದಲ್ಲಿ ಮುಳುಗಿರುತ್ತಾರೆ. ಪುಟ್ಟ ಪರದೆಯ ಮುಂದೆ ಮಧ್ಯರಾತ್ರಿವರೆಗೆ ಕುಳಿತ ಮಗನಿಗೂ ಆ ಕಥೆ ಅನ್ವಯಿಸುತ್ತದೆ. ಇನ್ನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯೇ ನಿಷೇಧಿಸಿದೆ. ‘ಆಡಿ, ಹಣ ಗೆಲ್ಲಿ’ ಎಂಬ ಜಾಹೀರಾತು ಕಂಡರೆ ಅದನ್ನು ಮುಟ್ಟಲೇಬೇಡಿ.

ನಾವೇನು ಮಾಡಬಹುದು?

ಸಂಘದ ಮುಂದೆ ನಾಲ್ಕು ಸಣ್ಣ ಸಲಹೆಗಳನ್ನು ಇಡುತ್ತೇನೆ. ಇವುಗಳಿಗೆ ಹೆಚ್ಚು ಹಣ ಬೇಕಿಲ್ಲ.

1. ಸಂಘದ ವಾಚನಾಲಯಕ್ಕೆ ಹತ್ತು ಚದುರಂಗದ ಮಣೆಗಳನ್ನು ತರೋಣ. ಮಗು ಮೊದಲು ಕಟ್ಟಿಗೆಯ ಕಾಯಿಯನ್ನು ಕೈಯಲ್ಲಿ ಹಿಡಿಯಲಿ. ಎದುರಿಗಿರುವವರ ಮುಖ ನೋಡಿ ಆಡಲಿ. ಸೋತಾಗ ಕೈಕುಲುಕುವುದನ್ನು ಕಲಿಯಲಿ. ಈ ಪಾಠವನ್ನು ಯಂತ್ರ ಕಲಿಸಲಾರದು.

2. ಯಾರ ಮನೆಯಲ್ಲಾದರೂ ಮೂಲೆಗೆ ಬಿದ್ದಿರುವ ಹಳೆಯ ಕಂಪ್ಯೂಟರ್ ಇದ್ದರೆ ದಾನವಾಗಿ ಪಡೆದು, ಅದರಲ್ಲಿ ಉಚಿತ ತಂತ್ರಾಂಶ ಹಾಕಿಸೋಣ. ಚದುರಂಗಕ್ಕೆ ಹೊಸ ಯಂತ್ರವೇ ಬೇಕೆಂದಿಲ್ಲ.

3. ‘ಮೊದಲು ತಲೆ, ಆಮೇಲೆ ಯಂತ್ರ’ ಎಂಬ ಒಂದೇ ನಿಯಮವನ್ನು ಗೋಡೆಯ ಮೇಲೆ ಕನ್ನಡ, ಉರ್ದು ಎರಡರಲ್ಲೂ ಬರೆಯಿಸೋಣ. ಆಡಿದ ನಡೆಗಳನ್ನು ಮಗು ವಹಿಯಲ್ಲಿ ಬರೆದುಕೊಳ್ಳಲಿ. ಎಲ್ಲಿ ತಪ್ಪಿತೆಂದು ತಾನೇ ಗುರುತು ಹಾಕಲಿ. ಆನಂತರವೇ ಯಂತ್ರವನ್ನು ಕೇಳಲಿ. ಎರಡೂ ಉತ್ತರ ಬೇರೆಯಾದರೆ ‘ಯಾಕೆ?’ ಎಂದು ಗೆಳೆಯರೊಡನೆ ಚರ್ಚಿಸಲಿ. ಇದೇ ನಿಯಮ ಗಣಿತಕ್ಕೂ ಪ್ರಬಂಧಕ್ಕೂ ಹೊಂದುತ್ತದೆ.

4. ವಾರದಲ್ಲಿ ಒಂದು ದಿನ, ಶಾಲೆ ಬಿಟ್ಟ ಮೇಲೆ ಒಂದು ಗಂಟೆಯನ್ನು ಹೆಣ್ಣುಮಕ್ಕಳಿಗಾಗಿಯೇ ಇಡೋಣ. ಅವರೊಡನೆ ಇರಲು ನಾವು ಶಿಕ್ಷಕಿಯರು ಸಿದ್ಧರಿದ್ದೇವೆ. ಇಲಾಖೆಯ ಶಾಲಾ ಕ್ರೀಡಾಕೂಟಗಳಲ್ಲಿ ಚೆಸ್ ಸ್ಪರ್ಧೆಯೂ ಇದೆ. ನಮ್ಮ ಮಕ್ಕಳು ಅಲ್ಲಿಯವರೆಗಾದರೂ ಹೋಗಲಿ.

ಆರಂಭದಲ್ಲಿ ಹೇಳಿದ ಪಾಲಕರ ಪ್ರಶ್ನೆಗೆ ನನ್ನ ಉತ್ತರ ಇದು: ಬಿಡಿ, ಆದರೆ ಬಿಟ್ಟು ಹೋಗಬೇಡಿ. ವಾರಕ್ಕೊಮ್ಮೆಯಾದರೂ ಮಗುವಿನ ಎದುರಿಗೆ ಕುಳಿತು ಒಂದು ಆಟ ಆಡಿ. ತಮಗೆ ಆಟ ಬಾರದಿದ್ದರೆ ಇನ್ನೂ ಒಳ್ಳೆಯದು, ಮಗುವಿನಿಂದಲೇ ಕಲಿಯಿರಿ. ಅಪ್ಪನಿಗೆ, ಅವ್ವನಿಗೆ ಕಲಿಸಿಕೊಟ್ಟ ಮಗು ಆ ಪಾಠವನ್ನು ಜೀವನವಿಡೀ ಮರೆಯುವುದಿಲ್ಲ. ಯಂತ್ರ ಸೋತಾಗ ಅದಕ್ಕೆ ಏನೂ ಅನಿಸುವುದಿಲ್ಲ. ತಾವು ಮಗನ ಕೈಯಲ್ಲಿ, ಮಗಳ ಕೈಯಲ್ಲಿ ಸೋತಾಗ ತಮ್ಮ ಮುಖದ ಮೇಲೆ ಮೂಡುವ ನಗುವನ್ನು ಆ ಮಗು ನೋಡುತ್ತದೆ.